ಸನ್ನೆ ಮಾಡಿದವನು

ಆ ತಪ್ಪು ಕಿವಿಗೆ ಬಿದ್ದಾಗ ಅವನು ನೀರಿನ ಲೋಟವನ್ನು ತುಟಿಯ ಹತ್ತಿರ ಒಯ್ದಿದ್ದ. ಮೈಕಿನ ಮುಂದೆ ನೀರು ಕುಡಿದರೆ ಗುಟುಕಿನ ಸದ್ದೂ ಒಳಗೆ ಹೋಗುತ್ತದೆ ಎಂದು ರೆಕಾರ್ಡಿಂಗಿನವನು ಪ್ರತಿ ವಾರ ಗೊಣಗುತ್ತಿದ್ದ. ಹಾಗಾಗಿ ಕುಡಿಯಲೂ ಇಲ್ಲ, ಕೆಳಗಿಡಲೂ ಇಲ್ಲ, ಲೋಟ ಹಿಡಿದುಕೊಂಡೇ ಕೂತ. ಎದುರಿಗೆ ದೊಡ್ಡ ಮೇಷ್ಟ್ರು. ನಿವೃತ್ತರಾಗಿ ಎಷ್ಟೋ ಕಾಲವಾದರೂ, ಪಾದ್ರಿಗಳಾಗುವವರು ಓದುವ ಆ ಸೆಮಿನರಿಯಲ್ಲಿ ಮೇಷ್ಟ್ರು ಅಂದರೆ ಅವರೇ, ಉಳಿದವರೆಲ್ಲ ಬರೀ ಸರ್‌ಗಳು. ಗೋಡೆಗೆಲ್ಲ ಹಳೇ ಕಂಬಳಿ ಹೊಡೆದು ಪ್ರತಿಧ್ವನಿ ಕೊಂದ ಆ ಚಿಕ್ಕ ಕೋಣೆಯಲ್ಲಿ ವಾರಕ್ಕೊಮ್ಮೆ ಮೂವರು ಕೂತು ಬೈಬಲ್ಲಿನ ಬಗ್ಗೆ, ಮೊದಲ ಶತಮಾನಗಳ ಕ್ರೈಸ್ತ ಸಭೆಗಳ ಬಗ್ಗೆ ಮಾತಾಡುತ್ತಿದ್ದರು. ದೂರದೂರದವರು ಕೇಳುತ್ತಿದ್ದರು. ಈ ವಾರದ ವಿಷಯ ಕಡೆಯ ಊಟ. ನಿಮ್ಮಲ್ಲೇ ಒಬ್ಬ ನನ್ನನ್ನು ಹಿಡಿದುಕೊಡುತ್ತಾನೆ ಎಂದು ಯೇಸು ಹೇಳಿದ ಮೇಲೆ ಆ ಮೇಜಿನ ಸುತ್ತ ಏನಾಯಿತು ಎಂಬುದು. "ಆಗ ಶಿಷ್ಯ ಅಂದ್ರೆಯ ಇದಾನಲ್ಲ," ಎಂದರು ಮೇಷ್ಟ್ರು, "ಅವನು ತಾನು ಬಾಯಿಬಿಡಲಿಲ್ಲ. ಯೇಸುವಿನ ಪಕ್ಕ ಒರಗಿದ್ದ ಶಿಷ್ಯನಿಗೆ ಸನ್ನೆ ಮಾಡಿದ. ಯಾರು ಅಂತ ಕೇಳು, ಅಂತ." ಹೇಳಿ, ಕನ್ನಡಕ ತೆಗೆದು, ಕರವಸ್ತ್ರದ ತುದಿಯಿಂದ ಒರೆಸುತ್ತಾ ಅವನ ಕಡೆ ನೋಡಿದರು. ತುಟಿಯಲ್ಲಿ ಅರ್ಧ ನಗು ಇತ್ತು.

ಸನ್ನೆ ಮಾಡಿದವನು ಅಂದ್ರೆಯ ಅಲ್ಲ, ಅವನ ಅಣ್ಣನೋ ತಮ್ಮನೋ ಆದ ಪೇತ್ರ. ಯೋಹಾನನ ಸುವಾರ್ತೆ ಓದಿದ ಭಾನುವಾರ ಶಾಲೆಯ ಮಗುವಿಗೂ ಗೊತ್ತಿರುವ ವಿಷಯ. ಆದರೆ ಅವನು ಬೆಚ್ಚಿದ್ದು ತಪ್ಪು ಎಂಬ ಕಾರಣಕ್ಕಲ್ಲ. ಅದು ಅವನದೇ ತಪ್ಪು ಎಂಬ ಕಾರಣಕ್ಕೆ. ವರ್ಷಗಟ್ಟಲೆ ತಿದ್ದಿ ತೀಡಿ, ಯಾರಿಗೂ ತೋರಿಸದೆ ಬರೆಯುತ್ತಿದ್ದ ಪುಸ್ತಕದ ಮುಖ್ಯ ಅಧ್ಯಾಯದಲ್ಲಿ ಅವನು ಅಂದ್ರೆಯ ಎಂದೇ ಬರೆದಿದ್ದ. ಹೋದ ವಾರ ಗ್ರೀಕ್ ಮೇಡಂ, ಅವನ ವಿಭಾಗದಲ್ಲಿ ಗ್ರೀಕ್ ಕಲಿಸುವವಳು, ಅವನು ಓದಲು ಕೊಟ್ಟ ಒಬ್ಬಳೇ ಒಬ್ಬಳು, ಅದನ್ನು ಓದಿ ವಾಪಸು ಕೊಡುವಾಗ ಆ ಹೆಸರಿನ ಕೆಳಗೆ ಪೆನ್ಸಿಲ್ಲಿನಲ್ಲಿ ತೆಳ್ಳಗೆ ಒಂದು ಗೆರೆ ಎಳೆದು, ಪಕ್ಕದಲ್ಲಿ 'ಪೇತ್ರ ಅಲ್ವಾ ಸರ್?' ಎಂದು ಬರೆದಿದ್ದಳು. ಆ 'ಅಲ್ವಾ' ಅವನನ್ನು ಎರಡು ದಿನ ಸುಟ್ಟಿತ್ತು. ವಿದ್ಯಾರ್ಥಿಗಳು ಬೆನ್ನ ಹಿಂದೆ 'ಅಡಿಟಿಪ್ಪಣಿ' ಎಂದು ಕರೆಯುವ ಮನುಷ್ಯ ಅವನು. ಪರೀಕ್ಷೆಯಲ್ಲಿ ಅಧ್ಯಾಯ ಸರಿ ಬರೆದು ವಚನದ ಸಂಖ್ಯೆ ತಪ್ಪಿದರೂ ಅರ್ಧ ಅಂಕ ಕತ್ತರಿಸುವವನು. ಅಂಥವನು ಪೇತ್ರನನ್ನು ಅಂದ್ರೆಯ ಮಾಡಿದ್ದು, ಅದನ್ನು ನಿನ್ನೆ ಮೊನ್ನೆ ಬಂದ ಹುಡುಗಿ ಕಂಡುಹಿಡಿದದ್ದು. ಸರಿ, ಅದನ್ನು ನುಂಗಿಕೊಂಡಿದ್ದ. ಈಗ ಅದೇ ತಪ್ಪು, ಹಾಳಾಗಿ ಹೋಗಲಿ, ಅದೇ ಹೆಸರು, ಮೇಷ್ಟ್ರ ಬಾಯಲ್ಲಿ. ಅಷ್ಟೇ ಅಲ್ಲ, ಅದರ ಸುತ್ತಲಿನ ಮಾತೂ ಅವನದೇ. "ಗಮನಿಸಿ, ಆ ಮೇಜಿನಲ್ಲಿ ಯಾರೂ 'ಅವನೋ?' ಅಂತ ಕೇಳಲಿಲ್ಲ. ಒಬ್ಬೊಬ್ಬನೂ 'ನಾನೋ?' ಅಂತ ಕೇಳಿದ. ಮತ್ತಾಯನ ಸುವಾರ್ತೆಯಲ್ಲಿ ಹಾಗೆ, ಮಾರ್ಕನಲ್ಲಿ ಹಾಗೆ. ಯೋಹಾನನಲ್ಲಿ ಮಾತ್ರ ಒಬ್ಬನಿಗೆ ಬೇರೆಯವರ ಮೇಲೆ ಅನುಮಾನ" ಎಂದು ಮೇಷ್ಟ್ರು ಹೇಳುತ್ತಿದ್ದಾಗ ಅವನಿಗೆ ತನ್ನ ಅಧ್ಯಾಯದ ಮೊದಲ ಪುಟವನ್ನು ಬೇರೆಯವರು ಗಟ್ಟಿಯಾಗಿ ಓದುತ್ತಿರುವಂತೆ ಕೇಳಿಸಿತು. ತನ್ನ ಅಂಗಿ ತೊಟ್ಟುಕೊಂಡು ಎದುರಿಗೆ ಬಂದು ನಿಂತವನನ್ನು ನೋಡಿದ ಹಾಗೆ.

ಮುಂದಿನ ಮಾತುಕತೆ ಹೇಗೆ ನಡೆಯಿತೋ ಅವನಿಗೆ ನೆನಪಿಲ್ಲ. ಬಾಯಿ ತನ್ನಷ್ಟಕ್ಕೆ ಕೆಲಸ ಮಾಡಿತು. ಸಭೆಯ ಆದಿ ಇತಿಹಾಸದಲ್ಲಿ ಊಟದ ಮೇಜಿನ ಜಾಗ, ಯಾರು ಯಾರ ಪಕ್ಕ ಒರಗುತ್ತಿದ್ದರು, ಮನೆಗಳಲ್ಲಿ ಸೇರುತ್ತಿದ್ದ ಬಡ ಸಭೆಗಳಿಗೆ ಇದು ಯಾಕೆ ಮುಖ್ಯ, ಇದೆಲ್ಲ ಹೇಳಿದ. ಆದರೆ ಒಳಗೆ ಅವನು ತರಗತಿಯಲ್ಲಿ ಹೇಳಿಕೊಡುವ ಪಾಠವನ್ನೇ ತನಗೆ ತಾನು ಹೇಳಿಕೊಳ್ಳುತ್ತಿದ್ದ. ಎರಡು ಹಸ್ತಪ್ರತಿಗಳಲ್ಲೂ ಒಂದೇ ಸರಿಯಾದ ಪದ ಇದ್ದರೆ ಅದರಿಂದ ಏನೂ ಸಾಬೀತಾಗುವುದಿಲ್ಲ, ಸರಿ ಎಲ್ಲರಿಗೂ ಸೇರಿದ್ದು. ಆದರೆ ಎರಡರಲ್ಲೂ ಒಂದೇ ವಿಚಿತ್ರ ತಪ್ಪು ಇದ್ದರೆ, ಅವು ನೆಂಟರು. ತಪ್ಪು ರಕ್ತಸಂಬಂಧ. ನಕಲುಗಾರ ಎಷ್ಟೋ ಶತಮಾನದ ಹಿಂದೆ ಸತ್ತಿರಲಿ, ಅವನ ಕಳ್ಳತನ ಅವನ ತಪ್ಪಿನಲ್ಲಿ ಬದುಕಿರುತ್ತದೆ. ಇದನ್ನು ಹೇಳುವಾಗ ಅವನು ಯಾವಾಗಲೂ ಸಣ್ಣಗೆ ನಗುತ್ತಿದ್ದ. ಇವತ್ತು ನಗು ಬರಲಿಲ್ಲ. ಅಧ್ಯಾಯ ಓದಿದವಳು ಒಬ್ಬಳೇ. ಅವಳು ಈಗ ಮೂರನೇ ಕುರ್ಚಿಯಲ್ಲಿ, ಮೊಣಕೈ ಮೇಜಿಗೆ ಊರಿ, ಗಲ್ಲಕ್ಕೆ ಕೈಕೊಟ್ಟು, ಮೇಷ್ಟ್ರನ್ನು ನೋಡುತ್ತಿದ್ದಾಳೆ. ಬಾಯಿಮುಚ್ಚಿಕೊಂಡಿದ್ದಾಳೆ. ಅಂದ್ರೆಯ ತಪ್ಪು ಎಂದು ಅವಳಿಗೆ ಚೆನ್ನಾಗಿ ಗೊತ್ತು. ಆದರೂ ಮುಚ್ಚಿಕೊಂಡಿದ್ದಾಳೆ. ಹೋದ ಶುಕ್ರವಾರ ಗ್ರಂಥಾಲಯದ ಹೊರಗಿನ ಬೆಂಚಿನ ಮೇಲೆ ಅವಳೂ ಮೇಷ್ಟ್ರೂ ಕೂತು ಚಹಾ ಕುಡಿಯುತ್ತಿದ್ದದ್ದು ನೆನಪಾಯಿತು. ಅವನು ಹತ್ತಿರ ಹೋದಾಗ ಮಾತು ನಿಂತಿತ್ತು. ಆಗ ಅದು ಸುಮ್ಮನೆ ನಿಂತ ಮಾತು. ಈಗ ಅದು ಸಾಕ್ಷಿ. ಅವತ್ತು ಮೇಷ್ಟ್ರ ಕೈಚೀಲ ಅವಳ ಹೆಗಲಿಗಿತ್ತು. ಅದರಲ್ಲಿ ಏನಿತ್ತು? ಮೇಷ್ಟ್ರಿಗೆ ಪೆನ್ಸಿಲ್ ಗೆರೆ ಕಾಣಿಸಲಿಲ್ಲವೇ? ಇಲ್ಲ, ಅವಳು ತಿದ್ದುವ ಮೊದಲೇ ತೋರಿಸಿದ್ದಾಳೆ. ಹಾಗಾದರೆ ಕೊಟ್ಟ ದಿನವೇ. ಒಂದು ಕೊಂಬೆ ಸಿಕ್ಕಿದ ಮೇಲೆ ಇಡೀ ಮರ ಬಿಡಿಸುವುದು ಅವನಿಗೆ ಎಷ್ಟರ ಕೆಲಸ!

"ಕಟ್," ಎಂದು ಗಾಜಿನಾಚೆಯಿಂದ ರೆಕಾರ್ಡಿಂಗಿನವನು ಕೈಯೆತ್ತಿದ. "ಅಡಿ... ಅಲ್ಲ, ಸರ್, ಇವತ್ತು ನಿಮ್ಮ ದನಿ ಸ್ವಲ್ಪ ಕೆಳಗಿತ್ತು. ಮೇಷ್ಟ್ರದ್ದು ಎಂದಿನ ಹಾಗೆ ಬೆಣ್ಣೆ." ಮೇಷ್ಟ್ರು ಕೋಲು ಹುಡುಕುತ್ತಾ ಎದ್ದರು. ಬಾಗಿಲ ಹತ್ತಿರ ನಿಂತು ಮತ್ತೆ ಅವನ ಮುಖವನ್ನೇ ನೋಡಿದರು. "ಏನಯ್ಯಾ, ಏನೂ ಇಲ್ವಾ ನಿಂಗೆ ಹೇಳೋಕೆ?" ಎಂದರು. ಎಷ್ಟು ಧೈರ್ಯ! "ಏನೂ ಇಲ್ಲ ಸಾರ್" ಎಂದ. ಮುದುಕರ ಮುಖ ಸ್ವಲ್ಪ ಇಳಿಯಿತು. ಇಳಿಯಲಿ. ಸಿಕ್ಕಿಬಿದ್ದವರ ಮುಖ ಹಾಗೇ ಇಳಿಯುವುದು.

ಮೇಷ್ಟ್ರನ್ನು ಕಾರಿಗೆ ಹತ್ತಿಸಿ ಬಂದ ಗ್ರೀಕ್ ಮೇಡಂ ಕಾರಿಡಾರಿನಲ್ಲಿ ಅವನ ಹಿಂದೆಯೇ ಓಡುನಡಿಗೆಯಲ್ಲಿ ಬಂದಳು. ಅವಳಿಗೆ ಮಾತು, ನಗು, ನಡಿಗೆ ಎಲ್ಲ ಒಟ್ಟೊಟ್ಟಿಗೆ ಆಗಬೇಕು. "ಸರ್, ಸರ್, ಒಂದು ನಿಮಿಷ. ಮೇಷ್ಟ್ರು ಅಂದ್ರೆಯ ಅಂತ ಹೇಳಿದ್ರಲ್ಲ, ನೀವ್ಯಾಕೆ ಸುಮ್ಮನಿದ್ರಿ?"

"ನೀವ್ಯಾಕೆ ಸುಮ್ಮನಿದ್ರಿ?"

"ಅಯ್ಯೋ, ನಾನು ಬಾಯಿ ಹಾಕೋದಾ! ನೀವು ಹೇಳ್ತೀರಿ ಅಂತ ಕಾಯ್ತಿದ್ದೆ. ನಿಮಗೆ ತಾನೇ ಮೊನ್ನೆ ಮೊನ್ನೆ ಅದೇ..." ಎಂದು ನಾಲಿಗೆ ಕಚ್ಚಿಕೊಂಡಳು.

"ಅದೇ ಏನು?"

"ಏನಿಲ್ಲ ಸರ್."

"ನನ್ನ ಅಧ್ಯಾಯ ನಿಮ್ಮ ಹತ್ರ ಎಷ್ಟು ದಿನ ಇತ್ತು?"

"ಒಂದು ವಾರ ಇರಬೇಕು. ಯಾಕೆ ಸರ್? ಪುಟ ಏನಾದ್ರೂ ಕಳೆದಿದೆಯಾ? ನಾನು ಜೋಡಿಸಿಯೇ ಕೊಟ್ಟೆ."

"ಪುಟ ಕಳೆದಿಲ್ಲ," ಎಂದು ಅವನು ಅವಳ ಮುಖವನ್ನು ಓದುವ ಹಾಗೆ ನೋಡಿದ. ಅವಳ ಮುಖದಲ್ಲಿ ಏನೂ ಕಾಣಿಸಲಿಲ್ಲ. ಏನೂ ಕಾಣಿಸದಿದ್ದದ್ದೇ ಅವನಿಗೆ ಹೆಚ್ಚು ಅನುಮಾನ ತಂದಿತು. ಪಾಪ ಮಾಡದವರು ಇಷ್ಟು ನಿರಾಳವಾಗಿ ಇರುವುದಿಲ್ಲ, ತಾನೇ ಇಲ್ಲವಲ್ಲ. ಅವಳು ನಿಂತೇ ಇದ್ದಾಗ ಅವನು ತಿರುಗಿ ನಡೆದ. ಹಿಂದೆ ಹೆಜ್ಜೆ ಸದ್ದು ಬರಲಿಲ್ಲ.

ಕೈತೊಳೆಯುವ ತೊಟ್ಟಿಯ ಹತ್ತಿರ ಪ್ರಿನ್ಸಿಪಾಲರು ಸಿಕ್ಕಿದರು. ಸೀಮೆಸುಣ್ಣದ ಕಾಲ ಮುಗಿದರೂ ಅವರಿಗೆ ಪಾಠದ ನಂತರ ಕೈ ತೊಳೆಯುವ ಅಭ್ಯಾಸ ಹೋಗಿರಲಿಲ್ಲ. ನೊರೆಯನ್ನು ಮೊಣಕೈವರೆಗೂ ಹಚ್ಚಿಕೊಳ್ಳುತ್ತಾ, "ನೀವೇ ಸಿಕ್ಕಿದ್ದು ಒಳ್ಳೇದಾಯ್ತು. ನಾಳೆ ಬೆಳಗ್ಗೆ ಸಮಿತಿ ಇದೆಯಲ್ಲ, ನಮ್ಮ ಗ್ರೀಕ್ ಮೇಡಂನ ಖಾಯಂ ಮಾಡೋ ವಿಷಯ. ನಿಮ್ಮ ವಿಭಾಗದವರು. ನಿಮ್ಮದೊಂದು ಮಾತು ಇದ್ರೆ ಮುಗೀತು. ಇಲ್ಲಾಂದ್ರೆ ಈ ವರ್ಷಕ್ಕೇ ಅವರ ಋಣ ತೀರಿತು" ಎಂದು ನಕ್ಕರು. ಅವರ ಮಟ್ಟಿಗೆ ಅದು ಆಗಿಹೋದ ಕೆಲಸ, ಸಹಿ ಹಾಕುವುದೊಂದೇ ಬಾಕಿ. ಅವನು ನಲ್ಲಿ ತಿರುಗಿಸಿದ. ನೀರು ತಣ್ಣಗಿತ್ತು. "ಓದಿನ ವಿಷಯದಲ್ಲಿ ಎರಡು ಮಾತಿಲ್ಲ," ಎಂದ.

"ಮತ್ತೆ ಯಾವುದರಲ್ಲಿದೆ?"

ಇಷ್ಟಕ್ಕೆ ನಿಲ್ಲಿಸಬಹುದಿತ್ತು. ನಿಲ್ಲಿಸಬಹುದಿತ್ತು ಎಂದು ಅವನಿಗೆ ಆಗಲೇ ಗೊತ್ತಿತ್ತು. ಆದರೆ ಒಂದು ವಾಕ್ಯ ಬೆಳಗಿನಿಂದ ಒಳಗೆ ತಯಾರಾಗಿ, ಅಡಿಟಿಪ್ಪಣಿಯ ಹಾಗೆ ಚಿಕ್ಕ ಅಕ್ಷರದಲ್ಲಿ ಕೂತಿತ್ತು. "ಏನಿಲ್ಲ. ಕೈಗೆ ಕೊಟ್ಟದ್ದು ಅವರ ಕೈಯಲ್ಲೇ ಇರುತ್ತೆ ಅಂತ ನಾನು ಹೇಳಲಾರೆ. ಅಷ್ಟೇ." ಪ್ರಿನ್ಸಿಪಾಲರ ಕೈಯಲ್ಲಿದ್ದ ಸೋಪು ನಿಂತಿತು. "ಅಂದ್ರೆ?" "ಅಷ್ಟೇ. ನೀವು ತಿಳಿದವರು." ಅವನು ಹೆಸರು ಹೇಳಲಿಲ್ಲ, ಕಳ್ಳತನ ಎನ್ನಲಿಲ್ಲ, ಯಾವ ಆರೋಪವನ್ನೂ ಮಾಡಲಿಲ್ಲ. ನಾಳೆ ಯಾರಾದರೂ ಆಣೆ ಹಾಕಿಸಿ ಕೇಳಿದರೂ ನಾನು ಸುಳ್ಳು ಹೇಳಿಲ್ಲ ಎನ್ನಬಹುದು. ಅಂಗಳ ದಾಟುವಾಗ ಕಾಲು ಹಗುರಾಗಿತ್ತು. ಬಸ್ ನಿಲ್ದಾಣದ ತನಕ ಹಗುರಾಗಿಯೇ ಇತ್ತು. ಬಸ್ಸಿನಲ್ಲಿ ಪಕ್ಕ ಕೂತವನು ಅವನ ಮಡಿಲಿನ ಪುಸ್ತಕದೊಳಗೆ ಇಣುಕಿದಾಗ ಮಾತ್ರ ಫಕ್ಕನೆ ಮುಚ್ಚಿಬಿಟ್ಟ. ಆ ಮನುಷ್ಯ ಕಿಟಕಿಯ ಕಡೆ ತಿರುಗಿಕೊಂಡ.

ಮನೆಗೆ ಬಂದಾಗ ಹೆಂಡತಿ ಒಗೆದ ಬಟ್ಟೆ ಮಡಿಸುತ್ತಿದ್ದಳು. ಅವಳೂ ಅದೇ ಸೆಮಿನರಿಯಲ್ಲಿ ಅವನ ಜೊತೆಯಲ್ಲೇ ಓದಿದವಳು. ತರಗತಿಯಲ್ಲಿ ಅವನಿಗಿಂತ ಮುಂದಿದ್ದಳು. ಈಗ ಶಾಲೆಯೊಂದರಲ್ಲಿ ಗಣಿತ ಹೇಳುತ್ತಾಳೆ, ಅದಕ್ಕೂ ಇದಕ್ಕೂ ಸಂಬಂಧವೇನು ಎಂದು ಕೇಳಿದರೆ ಅಲ್ಲಿ ತಂದೆ, ಮಗ, ಪವಿತ್ರಾತ್ಮ ಮೂರೂ ಒಂದೇ, ಇಲ್ಲಿ ಮೂರು ಮೂರೇ ಎಂದು ನಗುತ್ತಾಳೆ. ಅವನು ಬಂದವನೇ ಅವಳ ಫೋನಿನ ಕಡೆ ನೋಡಿದ. ಮೇಜಿನ ಮೇಲೆ ಬೋರಲು ಬಿದ್ದಿತ್ತು. ಯಾಕೆ ಬೋರಲು? ಅವಳು ಯಾವಾಗಲೂ ಹಾಗೇ ಇಡುತ್ತಿದ್ದಳು. ಆದರೂ. "ಏನು, ಮುಖ ಹುಳಿ ಹಿಂಡಿದ ಹಾಗಿದೆ?" ಎಂದಳು ಅವಳು. ಅವನು ಹೇಳಿದ. ಮೊದಲಿಂದ ಕೊನೆವರೆಗೆ ಹೇಳಿದ, ಅಧ್ಯಾಯ, ಪೆನ್ಸಿಲ್ ಗೆರೆ, ಬೆಂಚು, ಕೈಚೀಲ, ಕಂಬಳಿಯ ಕೋಣೆಯಲ್ಲಿ ಮೇಷ್ಟ್ರು ಅಂದ್ರೆಯ ಎಂದದ್ದು. ಪ್ರಿನ್ಸಿಪಾಲರ ಹತ್ತಿರ ಹೇಳಿದ ಮಾತೊಂದನ್ನು ಬಿಟ್ಟು. ಅವಳು ಒಂದು ಅಂಗಿಯ ತೋಳುಗಳನ್ನು ಬೆನ್ನ ಹಿಂದಕ್ಕೆ ಮಡಿಸಿ, ಕಾಲರು ಸರಿ ಮಾಡಿ, ಕೊನೆಗೆ, "ನಿಂಗೆ ನಿಜವಾಗಿ ನೆನಪಿಲ್ವಾ?" ಎಂದಳು.

"ಏನು ನೆನಪು?"

"ಅಂದ್ರೆಯ ಮೇಷ್ಟ್ರದ್ದು ಕಣೋ. ಮೊದಲನೇ ವರ್ಷ. ಪ್ರತಿ ಪಾಠದಲ್ಲೂ ಬೇಕೂಂತಲೇ ಒಂದು ತಪ್ಪು ಬಿತ್ತುತ್ತಿದ್ರಲ್ಲ. ಗೋಧಿಯ ಹೊಲದಲ್ಲಿ ಕಳೆ. ಮಾರನೇ ದಿನ ಬಂದ ತಕ್ಷಣ ಕೇಳೋದು, ನಿನ್ನೆಯ ಕಳೆ ಕಿತ್ತವರು ಯಾರು? ಕಿತ್ತವರಿಗೆ ಜೇಬಿನಿಂದ ಒಂದು ಬಿಸ್ಕತ್ತು. ನಾನು ತಿಂದಷ್ಟು ಬಿಸ್ಕತ್ತು ನೀನು ತಿಂದಿಲ್ಲ ಬಿಡು."

ಕಳೆ ಅವನಿಗೆ ನೆನಪಿತ್ತು. ಕಳೆ ಯಾರಿಗೆ ಮರೆಯುತ್ತದೆ! ರಾತ್ರಿ ಹಾಸ್ಟೆಲಿನಲ್ಲಿ ಸುವಾರ್ತೆ ಹರಡಿಕೊಂಡು ಸಾಲು ಸಾಲು ತಾಳೆ ನೋಡುತ್ತಿದ್ದದ್ದು, ಅವತ್ತಿನಿಂದಲೇ ಅವನಿಗೆ ಯಾರ ಮಾತನ್ನೂ ನೋಡದೆ ನಂಬದ ರೋಗ ಹತ್ತಿದ್ದು. ನಂಬಬೇಡಿ, ನೋಡಿ, ಎಂದೇ ಮೇಷ್ಟ್ರು ಹೇಳುತ್ತಿದ್ದರು. ಆದರೆ ಅಂದ್ರೆಯ? "ಕಡೆಯ ಊಟದ ಪಾಠ," ಎಂದಳು ಹೆಂಡತಿ. "ಅವತ್ತು ಬಿತ್ತಿದ ಕಳೆ ಅಂದ್ರೆಯ. ಯಾರೂ 'ಅವನೋ' ಅಂತ ಕೇಳಲಿಲ್ಲ, ಎಲ್ಲ 'ನಾನೋ' ಅಂತ ಕೇಳಿದ್ರು, ಅದು ಅವತ್ತಿನ ಗೋಧಿ. ಆ ವಾಕ್ಯ ಅವರದ್ದೇ ಕಣೋ. ನಾನೆಷ್ಟು ಸಲ ನಿನ್ನ ಬಾಯಲ್ಲಿ ಕೇಳಿದೀನಿ. ಮೇಷ್ಟ್ರ ಮಾತು ಹೇಳ್ತಿದಾನೆ ಅಂತ ಅಂದ್ಕೊಂಡಿದ್ದೆ, ನಿನ್ನದು ಅಂತ ಬರೀತಿದೀಯ ಅಂತ ನಂಗೇನು ಗೊತ್ತು? ಮಾರನೇ ದಿನ ಕಳೆ ಕಿತ್ರು. ನೀನಿರಲಿಲ್ಲ. ನಿಂಗೆ ಮಂಗನಬಾವು. ಎರಡು ಕೆನ್ನೆ ಊದಿಕೊಂಡು ಆಸ್ಪತ್ರೆಯ ಕೋಣೇಲಿ ಮಲಗಿದ್ದೆ. ನಾನು ಕಿಟಕಿಯಿಂದ ನೋಡಿ ನಕ್ಕಿದ್ದಕ್ಕೆ ಒಂದು ತಿಂಗಳು ಮಾತಾಡಿರಲಿಲ್ಲ."

ಅವನು ಕೂತ. ಮಡಿಸಿದ ಬಟ್ಟೆಗಳ ಮೇಲೆಯೇ ಕೂತ, ಅವಳು ಏಳು ಏಳು ಎಂದರೂ ಏಳಲಿಲ್ಲ. ತಪ್ಪು ಒಂದೇ ಆದರೆ ನೆಂಟಸ್ತಿಕೆ ಸಾಬೀತು. ಆದರೆ ಯಾವುದು ತಾಯಿ, ಯಾವುದು ಮಗು ಎಂದು ತಪ್ಪು ಹೇಳುವುದಿಲ್ಲ. ಇದೂ ಅವನೇ ಹೇಳುವ ಪಾಠ, ಅದೇ ತಾಸಿನ ಎರಡನೇ ಅರ್ಧ. ಎಷ್ಟು ವರ್ಷದಿಂದ ಹೇಳುತ್ತಿದ್ದಾನೆ! ಇವತ್ತು ಬೆಳಗಿನಿಂದ ಮೊದಲರ್ಧಕ್ಕೇ ಗಂಟೆ ಹೊಡೆದುಬಿಟ್ಟಿದ್ದ. "ಇಲ್ಲ, ಅವರಿಗೆ ಈಗ ವಯಸ್ಸಾಗಿದೆ. ಇವತ್ತಿನದು ಕಳೆಯಲ್ಲ, ಮರೆವು," ಎಂದ. ಯಾವುದಾದರೂ ಒಂದು ಕೊಂಬೆ ಹಿಡಿದುಕೊಳ್ಳಬೇಕಿತ್ತು. ಹೆಂಡತಿ ಬೋರಲು ಬಿದ್ದಿದ್ದ ಫೋನೆತ್ತಿ ಮೇಷ್ಟ್ರಿಗೆ ಹಚ್ಚಿ, ಅವನಿಗೂ ಕೇಳುವ ಹಾಗೆ ಮೇಜಿನ ಮೇಲಿಟ್ಟಳು. "ಸಾರ್, ಇವತ್ತಿನ ಕಳೆ ಯಾವುದು?"

ಆ ಕಡೆಯಿಂದ ಕೆಮ್ಮಿನ ಜೊತೆ ನಗು ಬಂತು. "ನಿನ್ನ ಗಂಡ ಹಿಡೀಲಿಲ್ಲ ಕಣಮ್ಮಾ! ಹಳೇ ಕಳೆ, ಅವತ್ತು ಇವನು ತಪ್ಪಿಸಿಕೊಂಡಿದ್ದ, ಇವತ್ತಾದ್ರೂ ಹಿಡೀತಾನೆ ಅಂತ ಹಾಕಿದೆ. ಕನ್ನಡಕ ಒರೆಸಿದೆ, ಮುಖ ನೋಡಿದೆ, ಬಾಗಿಲಲ್ಲಿ ನಿಂತು ಕೇಳಿದೆ. ಏನೂ ಇಲ್ಲ ಸಾರ್ ಅಂದ. ಮುಖ ಮಾತ್ರ ಊದಿಸಿಕೊಂಡಿದ್ದ. ಮತ್ತೆ ಮಂಗನಬಾವೇನು?" ಹೆಂಡತಿ ನಕ್ಕಳು, ಮೇಷ್ಟ್ರು ಮುಂದುವರಿಸಿದರು. "ಆ ಗ್ರೀಕ್ ಹುಡುಗಿ ಹಿಡಿದಿರ್ತಾಳೆ. ದೊಡ್ಡವರ ಮುಂದೆ ಬಾಯಿಬಿಡಲಿಲ್ಲ ಅಷ್ಟೇ. ಅವಳಿಗೊಂದು ಬಿಸ್ಕತ್ತು ಕೊಡೋಕೆ ಹೇಳು. ಮುಂದಿನ ವಾರ ಮೈಕಿನ ಮುಂದೇನೇ ಕಿತ್ತು ಹಾಕೋಣ." ಕನ್ನಡಕ. ತರಗತಿಯಲ್ಲಿ ಕಳೆ ಬಿತ್ತಿದಾಗಲೆಲ್ಲ ಅವರು ಕನ್ನಡಕ ಒರೆಸುತ್ತಿದ್ದರು, ಇಡೀ ತರಗತಿ ಆ ಕರವಸ್ತ್ರಕ್ಕೆ ಕಾದು ಕೂತಿರುತ್ತಿತ್ತು. ಬೆಳಗ್ಗೆ ಅವನು ಕಣ್ಣಾರೆ ಕಂಡಿದ್ದ. ಕಂಡದ್ದನ್ನು ಕಳ್ಳನ ನಗು ಎಂದು ಓದಿದ್ದ. ಇಷ್ಟು ಕೆಟ್ಟ ಓದುಗ ಅವನ ತರಗತಿಯಲ್ಲೂ ಯಾರೂ ಇರಲಿಲ್ಲ.

"ಮಾರನೇ ದಿನ," ಎಂದು ಕೇಳಿದ, ಫೋನು ಇಟ್ಟ ಮೇಲೆ. "ಕಳೆ ಕಿತ್ತಾಗ ಏನು ಹೇಳಿದ್ರು? ಬರೀ ಹೆಸರು ತಿದ್ದಿದ್ರಾ?"

"ಬರೀ ಹೆಸರಾ? ಅವತ್ತಿನ ಪಾಠ ಇದ್ದದ್ದೇ ಅಲ್ಲಿ. ಅಂದ್ರೆಯ ಆದ್ರೇನು, ಪೇತ್ರ ಆದ್ರೇನು ಅಂತ ಯಾರೋ ಕೇಳಿದ್ರು. ಮೇಷ್ಟ್ರು ಹೇಳಿದ್ರು, ಇಡೀ ಮೇಜು ತನ್ನನ್ನು ತಾನೇ ಅನುಮಾನಿಸುವಾಗ ಒಬ್ಬ ಮಾತ್ರ ಪಕ್ಕದವನಿಗೆ ಸನ್ನೆ ಮಾಡಿ ಕಳ್ಳ ಯಾರು ಅಂತ ಕೇಳಿಸ್ತಾನೆ. ಅದೇ ಮನುಷ್ಯ ಬೆಳಕು ಹರಿಯೋದ್ರೊಳಗೆ, ಅಂಗಳದಲ್ಲಿ ಬೆಂಕಿ ಕಾಯಿಸ್ಕೊಂಡು, ಯೇಸು ಯಾರೋ ನಂಗೆ ಗೊತ್ತೇ ಇಲ್ಲ ಅಂತಾನೆ. ಅದಕ್ಕೇ ಅದು ಪೇತ್ರನೇ ಆಗಬೇಕು ಅಂತ." ಅವಳು ಅವನ ಕೆಳಗಿನಿಂದ ಒಂದು ಟವೆಲ್ ಎಳೆದುಕೊಂಡಳು. "ಇದನ್ನ ಬಿಟ್ಟು ನಿನ್ನ ಅಧ್ಯಾಯದಲ್ಲಿ ಇನ್ನೇನಿದೆ?"

ಅವನು ಚಪ್ಪಲಿ ಹಾಕಿಕೊಂಡ. ಎಲ್ಲಿಗೆ ಎಂದಳು, ಸೆಮಿನರಿಗೆ ಎಂದ, ಈಗ ತಾನೇ ಬಂದೆಯಲ್ಲ ಎಂದಳು. ಬಸ್ಸಿನಲ್ಲಿ ನಿಂತೇ ಹೋದ. ಪ್ರಿನ್ಸಿಪಾಲರಿಗೆ ಹೇಳಬೇಕಾದ ವಾಕ್ಯವನ್ನು ಕಟ್ಟುತ್ತಾ ಹೋದ. 'ಬೆಳಗ್ಗೆ ನಾನು ಹೇಳಿದ್ದರಲ್ಲಿ ಒಂದು ಸಣ್ಣ ತಿದ್ದುಪಡಿ.' ಸಣ್ಣ ಯಾಕೆ? 'ನನಗೆ ತಪ್ಪು ತಿಳುವಳಿಕೆ ಆಗಿತ್ತು.' ಆಗಿತ್ತು ಅಂದರೆ ತಾನಾಗಿ ಆಯಿತೇ, ಮಳೆ ಬಂದ ಹಾಗೆ? 'ನಾನು ಅವಳ ಮೇಲೆ ಸುಳ್ಳು ಹೇಳಿದೆ.' ಆದರೆ ಹೇಳಲಿಲ್ಲವಲ್ಲ, ಎಚ್ಚರಿಕೆಯಿಂದ ಹೇಳದೆ ಉಳಿದಿದ್ದನಲ್ಲ. ಪ್ರತಿ ವಾಕ್ಯವೂ ಅವನ ಕೈಯಲ್ಲಿ ಮೆತ್ತಗಾಗಿ ತನ್ನ ಕಡೆಗೇ ವಾಲುತ್ತಿತ್ತು. ಅದು ಹೇಗಾದರೂ ಹೋಗಲಿ, ಬಾಗಿಲು ತಟ್ಟಿದ ಮೇಲೆ ಬಾಯಿ ತನ್ನಷ್ಟಕ್ಕೆ ಹೇಳುತ್ತದೆ ಎಂದುಕೊಂಡ. ಬೆಳಗ್ಗೆ ಹೇಳಿತ್ತಲ್ಲ.

ಕಾರಿಡಾರಿನಲ್ಲಿ ದೀಪ ಹಚ್ಚಿದ್ದರು. ಪ್ರಿನ್ಸಿಪಾಲರ ಬಾಗಿಲ ಕೆಳಗಿನಿಂದ ಬೆಳಕು ಬರುತ್ತಿತ್ತು, ಒಳಗೆ ಫೋನಿನಲ್ಲಿ ಯಾರ ಜೊತೆಗೋ ಮಾತಾಡುತ್ತಿದ್ದರು. ಹೊರಗಿನ ಬೆಂಚಿನ ಮೇಲೆ ಗ್ರೀಕ್ ಮೇಡಂ ಒಬ್ಬಳೇ ಕೂತಿದ್ದಳು, ಚೀಲವನ್ನು ಮಡಿಲಲ್ಲಿಟ್ಟುಕೊಂಡು, ಎರಡೂ ಕೈ ಅದರ ಮೇಲೆ. ಅವನನ್ನು ಕಂಡೊಡನೆ ಎದ್ದು ನಿಂತಳು. ಅವಳ ಮುಖ ಬೆಳಗಿತು. ಅದನ್ನು ಅವನು ತಡೆದುಕೊಳ್ಳಲಾರದೆ ಹೋದ. "ಸರ್, ಸದ್ಯ ನೀವು ಬಂದ್ರಿ. ಪ್ರಿನ್ಸಿಪಾಲರು ಕರೆದಿದ್ರು. ಕೈಗೆ ಕೊಟ್ಟದ್ದು ನನ್ನ ಕೈಯಲ್ಲಿ ಇರಲ್ಲ ಅಂತ ಯಾರೋ ಹೇಳಿದಾರಂತೆ. ಯಾರು ಅಂತ ನಾನು ಕೇಳಲಿಲ್ಲ. ಕೇಳಿ ಏನಾಗಬೇಕು? ಮಧ್ಯಾಹ್ನದಿಂದ ಯೋಚನೆ ಮಾಡ್ತಾನೇ ಇದೀನಿ. ಗ್ರಂಥಾಲಯದ ಪುಸ್ತಕ ಒಂದು ತಡವಾಗಿತ್ತು, ಅದಿರಬಹುದಾ? ಬೀಗದಕೈ ಒಂದು ಸಲ ರೆಕಾರ್ಡಿಂಗಿನವರ ಹತ್ರ ಕೊಟ್ಟಿದ್ದೆ. ನಿಮ್ಮ ಅಧ್ಯಾಯನ ಮಾತ್ರ ನಾನು ಕೋಣೆಯಿಂದ ಆಚೆ ತಂದಿಲ್ಲ, ಚಹಾ ಲೋಟ ಕೂಡ ಅದರ ಹತ್ರ ಇಟ್ಟಿಲ್ಲ." ಅವಳು ಚೀಲದ ಪಟ್ಟಿಯನ್ನು ಹೆಗಲಿಗೆ ಏರಿಸಿಕೊಂಡಳು. "ನೀವು ನಿಜ ಹೇಳ್ತೀರಿ, ನಂಗೆ ಗೊತ್ತು. ನಾನೇ ಏನಾದ್ರೂ ತಪ್ಪು ಮಾಡಿದೀನಾ ಸರ್?"

ಒಳಗೆ ಪ್ರಿನ್ಸಿಪಾಲರು ಫೋನಿಟ್ಟ ಸದ್ದಾಯಿತು. ಕುರ್ಚಿ ಕಿರುಗುಟ್ಟಿತು. ಬಾಗಿಲು ಕೈಗೆಟಕುವಷ್ಟು ಹತ್ತಿರವಿತ್ತು. ಅವನು ತುಟಿ ಒದ್ದೆ ಮಾಡಿಕೊಂಡ. ಬಾಯಿ ತನ್ನಷ್ಟಕ್ಕೆ ಹೇಳಿತು.

"ಪೇತ್ರನೇ. ನೀವು ತಿದ್ದಿದ್ದು ಸರಿ. ಅಂದ್ರೆಯ ಅಲ್ಲ."

ಅವಳು ಅವನನ್ನೇ ನೋಡಿದಳು. ಕಷ್ಟದ ವಾಕ್ಯವೊಂದನ್ನು ಓದುವವಳ ಹಾಗೆ.

"ನಾನು ಕೇಳಿದ್ದು ಅದಲ್ಲ ಸರ್."